ಕಡಲ ಮುಂದೆ ಆರಾಮ ಕುರ್ಚಿಯಲ್ಲಿ ಒಂದು ಇಡೀ ದಿನ: ಎಲ್ಲಿಗೆ ಹೋಗಬೇಕು?

ಪ್ರಶ್ನೆ: ವಿರಾಜಪೇಟೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದಲ್ಲಿ ಅರೇಬಿಕಾ ಕೊಯ್ಲು ಜನವರಿ ಮೊದಲ ವಾರದ ಹೊತ್ತಿಗೆ ಮುಗಿಯುತ್ತದೆ. ರೋಬಸ್ಟಾ ಕೊಯ್ಲಿಗೆ ಕೈಹಾಕುವ ಮುಂಚೆ ಏಳೆಂಟು ದಿನಗಳ ಬಿಡುವು ಸಿಗುತ್ತದೆ. ಈ ಸಲ ಆ ಬಿಡುವಿನಲ್ಲಿ ದೇವಸ್ಥಾನ, ಜಲಪಾತ, ಅಂಗಡಿಬೀದಿ ಯಾವುದನ್ನೂ ಸುತ್ತದೆ, ಕಡಲ ಎದುರಿನ ಹೋಟೆಲೊಂದರ ಆರಾಮ ಕುರ್ಚಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಸುಮ್ಮನೆ ಒರಗಿಕೊಂಡಿರಬೇಕೆಂಬುದು ನನ್ನ ಮತ್ತು ನಮ್ಮ ಯಜಮಾನರ ಆಸೆ. ಅತ್ತೆಯವರೂ ಬರುತ್ತಾರೆ. ಅವರಿಗೆ ಮಂಡಿನೋವಿರುವುದರಿಂದ ಮೆಟ್ಟಿಲು ಇಳಿಯುವುದು ಕಷ್ಟ. ಆ ಕುರ್ಚಿಗಳಿಗೆ ಬೇರೆ ಬಾಡಿಗೆ ಕೊಡಬೇಕೇ, ಒಂದು ಚಹಾ ಕುಡಿದು ಮೂರು ಗಂಟೆ ಕುಳಿತರೆ ಎಬ್ಬಿಸುತ್ತಾರೆಯೇ, ಇಂಥ ಜಾಗ ನಮಗೆ ಹತ್ತಿರದಲ್ಲಿ ಎಲ್ಲಿದೆ ಎಂಬುದನ್ನು ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಮಡಿಕೇರಿಯಿಂದ

ಮರಳಿನ ಮೇಲೆಯೇ ಹೋಟೆಲು, ಅದರ ಮುಂದೆ ಕೊಡೆಗಳ ನೆರಳಿನಲ್ಲಿ ಸಾಲಾಗಿ ಒರಗು ಮಂಚಗಳು, ಮಲಗಿದ್ದಲ್ಲಿಗೇ ಬರುವ ಊಟ: ತಾವು ಕೇಳುತ್ತಿರುವ ಈ ಏರ್ಪಾಡು ನಮ್ಮ ಪಶ್ಚಿಮ ಕರಾವಳಿಯಲ್ಲಿ ನಿಜವಾಗಿ ಬೇರೂರಿರುವುದು ಗೋವಾದಲ್ಲಿ. ಅಲ್ಲಿ ಇವುಗಳನ್ನು ಶ್ಯಾಕ್ ಎನ್ನುತ್ತಾರೆ. ಬಿದಿರು, ಮರ, ತೆಂಗಿನ ಗರಿಗಳಿಂದ ಕಟ್ಟಿದ ತಾತ್ಕಾಲಿಕ ಚಪ್ಪರಗಳಾದ್ದರಿಂದ ಮಳೆಗಾಲಕ್ಕೆ ಮುಂಚೆ ಕಳಚಿ, ಮಳೆ ಹಿಂದೆ ಸರಿದ ಮೇಲೆ ಮತ್ತೆ ಕಟ್ಟುತ್ತಾರೆ. ಜನವರಿ ಅದಕ್ಕೆ ಹೇಳಿ ಮಾಡಿಸಿದ ತಿಂಗಳು. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗಿನ ನೂಕುನುಗ್ಗಲು, ದುಬಾರಿ ದರ ಎರಡೂ ಆಗ ಇಳಿದಿರುತ್ತವೆ.

ಮಂಡಿನೋವಿನ ಮಾತು ಬಂದದ್ದರಿಂದ ಗೋಕರ್ಣವನ್ನು ಬಿಟ್ಟುಬಿಡಿ. ಅಲ್ಲಿನ ಕುಡ್ಲೆ ಬೀಚಿನಲ್ಲಿ ಕಡಲಿಗೆ ಮುಖ ಮಾಡಿದ ಹೋಟೆಲುಗಳಿವೆ, ಓಂ ಬೀಚಿನಲ್ಲಿಯೂ ಇವೆ. ಆದರೆ ವಾಹನ ನಿಲ್ಲಿಸಿದ ಕಡೆಯಿಂದ ಮೆಟ್ಟಿಲು ಇಳಿದೇ ಹೋಗಬೇಕು, ಸಂಜೆ ದಣಿದ ಕಾಲಿನಲ್ಲಿ ಅವನ್ನೇ ಮತ್ತೆ ಹತ್ತಬೇಕು. ನನ್ನ ಮತ ದಕ್ಷಿಣ ಗೋವಾದ ಪಾಳೋಲೆಮ್‌ಗೆ. ಅರ್ಧಚಂದ್ರಾಕಾರದ ಕೊಲ್ಲಿಯಾದ್ದರಿಂದ ಅಲೆಗಳ ಅಬ್ಬರ ಕಡಿಮೆ, ನೀರು ಮೆಲ್ಲಮೆಲ್ಲನೆ ಆಳವಾಗುತ್ತದೆ, ಮರಳಿನವರೆಗೂ ಸಮತಟ್ಟಾದ ದಾರಿಯಿದೆ. ಮಂಗಳೂರಿನಿಂದ ಕೊಂಕಣ ರೈಲು ಹತ್ತಿ ಕಾಣಕೋಣ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ಎರಡು ಮೂರು ಕಿ.ಮೀ. ಅಷ್ಟೇ. ಪಕ್ಕದ ಅಗೋಂದ ಇನ್ನೂ ಶಾಂತವಾದ ಜಾಗ. ಕಡಲಾಮೆಗಳು ಮೊಟ್ಟೆಯಿಡುವ ತೀರವಾದ್ದರಿಂದ ಅಲ್ಲಿ ರಾತ್ರಿಯ ಸದ್ದುಗದ್ದಲವಿಲ್ಲ. ಆದರೆ ಅಲೆಗಳು ಜೋರು, ಅತ್ತೆಯವರು ಕಾಲು ತೋಯಿಸಿಕೊಳ್ಳುವುದಕ್ಕೂ ಹಿಂಜರಿಯಬಹುದು.

ಇನ್ನು ಕುರ್ಚಿಯ ಲೆಕ್ಕ. ಸಾಮಾನ್ಯವಾಗಿ ಊಟ ತಿಂಡಿ ಅಲ್ಲೇ ತರಿಸಿಕೊಳ್ಳುವವರಿಗೆ ಮಂಚ ಉಚಿತ. ಕೆಲವರು ಬಾಡಿಗೆ ಕೇಳುತ್ತಾರೆ, ಇನ್ನು ಕೆಲವರು ಇಂತಿಷ್ಟು ರೂಪಾಯಿಯ ಆರ್ಡರ್ ಕೊಡಲೇಬೇಕೆನ್ನುತ್ತಾರೆ. ಆದ್ದರಿಂದ ಟವೆಲ್ ಹಾಸುವ ಮುಂಚೆಯೇ ಕೇಳಿಬಿಡುವುದು ಒಳ್ಳೆಯದು. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ತಿಂಡಿ ಹೇಳಿ, ಹನ್ನೊಂದಕ್ಕೆ ಎಳನೀರು, ಒಂದೂವರೆಗೆ ಊಟ, ನಾಲ್ಕಕ್ಕೆ ಚಹಾ ಎಂದು ಸಾಗಿದವರನ್ನು ನನಗೆ ತಿಳಿದ ಮಟ್ಟಿಗೆ ಯಾರೂ ಎಬ್ಬಿಸಿದ್ದಿಲ್ಲ. ಬರಿಯ ಚಹಾಕ್ಕೆ ಮೂರು ಗಂಟೆ ಎಂದರೆ, ನಮ್ಮೂರ ಹೋಟೆಲಿನವರೂ ಮೇಜು ಒರೆಸುವ ನೆಪದಲ್ಲಿ ಹತ್ತಿರ ಬರುತ್ತಾರಲ್ಲವೇ!

ಮೀನಿನ ವಿಷಯದಲ್ಲಿ ಮಾತ್ರ ನನಗೆ ಪೆಟ್ಟು ಬಿದ್ದಿದೆ. ಹಸಿ ಮೀನುಗಳನ್ನು ತಟ್ಟೆಯಲ್ಲಿ ಜೋಡಿಸಿ ತಂದು ತೋರಿಸಿದಾಗ, ಕಣ್ಣು ಹೊಳೆಯುತ್ತಿದ್ದ ದೊಡ್ಡದೊಂದು ಮಾಂಜಿಯನ್ನು ಬೆರಳು ತೋರಿಸಿ ತಲೆಯಾಡಿಸಿದೆ. ತೂಕ ಕೇಳಲಿಲ್ಲ, ದರವನ್ನೂ ಕೇಳಲಿಲ್ಲ. ಆ ಒಂದು ಮೀನಿನ ಬಿಲ್ಲಿನಲ್ಲಿ ಮನೆಮಂದಿಯೆಲ್ಲ ಎರಡು ಹೊತ್ತು ಉಣ್ಣಬಹುದಾಗಿತ್ತು. ನನ್ನ ಎದುರಿನಲ್ಲೇ ತೂಗಿಸಿ, ಬೆಲೆ ಹೇಳಿಸಿಕೊಂಡ ಮೇಲೆಯೇ ಒಲೆಗೆ ಕಳಿಸಬೇಕಾಗಿತ್ತು. ಊಟದ ಜೊತೆಗೆ ಸೋಲ್‌ಕಡಿ ಎಂಬ ಪಾನೀಯ ಸಿಕ್ಕರೆ ಬಿಡಬೇಡಿ. ಅದಕ್ಕೆ ಹುಳಿ ಕೊಡುವ ಪುನರ್ಪುಳಿ, ನಮ್ಮ ಪಂದಿ ಕರಿಗೆ ಹುಳಿ ಕೊಡುವ ಕಾಚಂಪುಳಿಯ ಹಣ್ಣಿನ ಹತ್ತಿರದ ಬಳಗದ್ದು. ತೆಂಗಿನ ಹಾಲಿನಲ್ಲಿ ಆ ಹುಳಿ ಎಷ್ಟು ಮೆತ್ತಗಾಗುತ್ತದೆಂಬುದನ್ನು ಪಂದಿ ಕರಿ ತಿಂದು ಬೆಳೆದ ನಾಲಿಗೆಯೇ ಹೇಳಬೇಕು.

ಉತ್ತರ: ಪೊನ್ನಂಪೇಟೆಯಿಂದ

ಒಂದು ದಿನ ಮಲಗುವುದಕ್ಕಾಗಿ ಗೋವಾಕ್ಕೆ ಹೋಗಿಬರಲು ಎರಡು ದಿನ ಕಳೆಯುವುದು ನನಗೆ ಸರಿಕಾಣುವುದಿಲ್ಲ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಇರಿಟ್ಟಿಯ ಮೇಲೆ ಹೋದರೆ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಕಡಲು ಕಾಣುತ್ತದೆ. ಕಣ್ಣೂರು ಮತ್ತು ತಲಶ್ಶೇರಿಗಳ ನಡುವಿನ ಮುಳಪ್ಪಿಲಂಗಾಡ್, ಗಟ್ಟಿ ಮರಳಿನ ಮೇಲೆ ಕಾರು ಓಡಿಸುವುದಕ್ಕೆಂದೇ ಹೆಸರಾದ ಸುಮಾರು ನಾಲ್ಕು ಕಿ.ಮೀ. ಉದ್ದದ ತೀರ. ಸಾಲುಮಂಚಗಳ ಪದ್ಧತಿ ಅಲ್ಲಿಲ್ಲ ಎಂಬುದು ನಿಜ. ನಾವು ಮಡಚುವ ಕುರ್ಚಿಗಳನ್ನು ಮನೆಯಿಂದಲೇ ಒಯ್ದಿದ್ದೆವು, ಕಲ್ಲುಮ್ಮಕಾಯಿ ಎಂಬ ಚಿಪ್ಪುಮೀನಿನ ಒಳಗೆ ಅಕ್ಕಿಹಿಟ್ಟು ತುಂಬಿ ಬೇಯಿಸಿ ಹುರಿದದ್ದನ್ನು ಪೊಟ್ಟಣ ಕಟ್ಟಿಸಿಕೊಂಡು ಅಲ್ಲೇ ಕುಳಿತು ತಿಂದೆವು. ಮನೆಗೆ ಬಂದ ಮೇಲೆ ಕಾರಿನ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಯಲು ಮರೆಯಬೇಡಿ, ಉಪ್ಪು ಕಬ್ಬಿಣವನ್ನು ಸುಮ್ಮನೆ ಬಿಡುವುದಿಲ್ಲ.

ಉತ್ತರ: ಸಂಪಾಜೆಯಿಂದ

ಮಂಡಿನೋವಿನವರಿಗೆ ಪಡುಬಿದ್ರಿಯನ್ನೂ ಗಮನಿಸಬಹುದು. 2020ರಲ್ಲಿ ಹೊನ್ನಾವರದ ಕಾಸರಕೋಡಿನ ಜೊತೆಗೆ ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ತೀರವದು. ಪ್ರವೇಶ ಶುಲ್ಕವಿದೆ, ಅದಕ್ಕೆ ತಕ್ಕಂತೆ ಶೌಚಾಲಯ, ಸ್ನಾನದ ವ್ಯವಸ್ಥೆ, ಚೊಕ್ಕಟವಾದ ಮರಳು ಇವೆ. ಆದರೆ ಗೋವಾದ ಶ್ಯಾಕಿನಂತೆ ಮಂಚದಿಂದ ಮಂಚಕ್ಕೆ ಊಟ ಬರುವುದೆಂದು ನಿರೀಕ್ಷಿಸಬೇಡಿ.

ಪ್ರಶ್ನೆ ಕೇಳಿದವರು: ವಿರಾಜಪೇಟೆಯಿಂದ

ಎಲ್ಲರಿಗೂ ಧನ್ಯವಾದಗಳು. ಅತ್ತೆಯವರಿಗೆ ಎಲ್ಲವನ್ನೂ ಓದಿ ಹೇಳಿದೆ. ಮನೆಯ ಕುರ್ಚಿಯಲ್ಲೇ ಕೂರುವುದಾದರೆ ಜಗಲಿಯೇ ಸಾಕಲ್ಲ ಎಂದು ಅವರು ಮುಳಪ್ಪಿಲಂಗಾಡನ್ನು ತಳ್ಳಿಹಾಕಿದರು, ಪೊನ್ನಂಪೇಟೆಯವರು ಬೇಸರಪಟ್ಟುಕೊಳ್ಳಬಾರದು. ಪಾಳೋಲೆಮ್‌ನಲ್ಲಿ ಎರಡು ರಾತ್ರಿ ಉಳಿಯುವುದೆಂದು ತೀರ್ಮಾನವಾಗಿದೆ. ಮಂಚ ಆರಿಸಿಕೊಳ್ಳುವಾಗ ನೋಡಬೇಕಾದದ್ದು ಏನಾದರೂ ಇದೆಯೇ?

ಉತ್ತರ: ಮಡಿಕೇರಿಯಿಂದ

ಇದೆ. ಮೊದಲ ಸಾಲಿನ ಆಸೆಗೆ ಬೀಳಬೇಡಿ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ಹೆಚ್ಚಿರುವುದರಿಂದ ನೀರು ಮಂಚದ ಕಾಲಿನವರೆಗೆ ಬರುತ್ತದೆ, ಹುಡುಗರು ಓಡಿಬಂದು ನಿಮ್ಮನ್ನು ಎಬ್ಬಿಸಿ ಮಂಚವನ್ನು ಹಿಂದಕ್ಕೆ ಎಳೆಯುತ್ತಾರೆ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುವುದರಿಂದ, ಮೊದಲ ದಿನ ನೀರು ಎಲ್ಲಿಯವರೆಗೆ ಬಂತೆಂದು ಗುರುತಿಟ್ಟುಕೊಂಡರೆ ಮರುದಿನ ಜಾಗ ಆರಿಸುವುದು ಸುಲಭ. ಎರಡನೆಯದು ನೆರಳು. ಅಲ್ಲಿ ಕಡಲು ಪಡುವಣಕ್ಕಿದೆ, ತೆಂಗಿನ ತೋಪು ನಿಮ್ಮ ಬೆನ್ನಿಗೆ. ಬೆಳಿಗ್ಗೆ ತೋಪಿನ ನೆರಳೇ ಮುಂದಕ್ಕೆ ಚಾಚಿರುತ್ತದೆ, ಮಧ್ಯಾಹ್ನ ಎರಡರ ನಂತರ ಬಿಸಿಲು ಎದುರಿನಿಂದ ಹೊಡೆಯುತ್ತದೆ. ಊಟ ಮುಗಿಸಿ ಕಣ್ಣು ಮುಚ್ಚುವ ಮುಂಚೆ ಕೊಡೆಯನ್ನು ನೀರಿನ ಕಡೆಗೆ ವಾಲಿಸಲು ಹೇಳಿ. ನಾನು ಹೇಳದೆ ಮಲಗಿದೆ; ಎದ್ದಾಗ ತಲೆಯಿಂದ ಮಂಡಿಯವರೆಗೆ ನೆರಳಿತ್ತು, ಮಂಡಿಯಿಂದ ಕೆಳಗೆ ಕೆಂಪಗೆ ಸುಟ್ಟಿತ್ತು. ಒಂದು ವಾರ ತೋಟಕ್ಕೆ ಬೂಟು ಹಾಕಿಕೊಂಡು ಹೋಗಲು ಆಗಲಿಲ್ಲ.