ಕೊಳದ ಸುಣ್ಣದಕಲ್ಲು ತೆಗೆಯಲಾ, ಬಿಡಲಾ?

ಹೊಸಕೊಳ: ಹಿತ್ತಲಲ್ಲಿ 2,000 ಲೀಟರಿನ ಕೊಳ ಮಾಡಿದ್ದೇನೆ. ಅಂಚಿಗೂ ತಳಕ್ಕೂ ಸುಣ್ಣದಕಲ್ಲು ಹಾಕಿದ್ದೇನೆ. ಪಿಎಚ್ 8.3 ಇದೆ. ಗೋಲ್ಡ್‌ಫಿಶ್ ಬಿಡಬೇಕು. ಕಲ್ಲು ತೆಗೆಯಬೇಕಾ? ಅನುಭವ ಇದ್ದವರು ಹೇಳಿ.

ಕೆಸರುಕಾಲು: ನಾನು ತೆಗೆದು ಕೆಟ್ಟೆ. ಮೂರು ದಿನ ರಜೆ ಹಾಕಿ 46 ಬುಟ್ಟಿ ಕಲ್ಲು ಹೊತ್ತೆ. ಎಳೆಯುವಾಗ ಲೈನರ್, ಅಂದರೆ ನೀರು ಇಂಗದಂತೆ ಕೊಳಕ್ಕೆ ಹಾಸಿದ ಹಾಳೆ, ಎರಡು ಕಡೆ ಹರಿಯಿತು. ಹೊಸ ಲೈನರ್, ಹೊಸ ಪೈಪು, ಮೇಲೆ ಗ್ರಾನೈಟ್ ಕಲ್ಲು. ಒಂದೂವರೆ ತಿಂಗಳ ಸಂಬಳ ಅದಕ್ಕೇ ಹೋಯಿತು. ಸೊಂಟ ಇವತ್ತಿಗೂ ಹಿಡಿಯುತ್ತದೆ. ಆಮೇಲೆ ಪೂರ್ತಿ ಮಳೆನೀರು ತುಂಬಿಸಿದೆ. ಅದರಲ್ಲಿ ಕೆಎಚ್, ಅಂದರೆ ನೀರು ಹುಳಿಯಾಗದಂತೆ ತಡೆಯುವ ಕಾರ್ಬೊನೇಟ್ ಕ್ಷಾರತೆ, ಎಲ್ಲಿರುತ್ತದೆ? ಫಿಲ್ಟರಿನ ಬ್ಯಾಕ್ಟೀರಿಯಾ ಮೀನಿನ ಹೊಲಸಿನ ಅಮೋನಿಯಾ ಅರಗಿಸುವಾಗ 1 ಮಿಲಿಗ್ರಾಂ ಅಮೋನಿಯಾ ನೈಟ್ರೋಜನ್‌ಗೆ ಸುಮಾರು 7 ಮಿಲಿಗ್ರಾಂ ಕ್ಷಾರತೆ ತಿನ್ನುತ್ತವೆ. ಇದ್ದಷ್ಟೂ ಖಾಲಿ. ಒಂದು ಬೆಳಗ್ಗೆ ಪಿಎಚ್ 5.5, ಹನ್ನೊಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಈಗ ಅದೇ ಸುಣ್ಣದಕಲ್ಲಿನ ಚೂರು ಒಂದು ಚೀಲ ಫಿಲ್ಟರಿನಲ್ಲಿದೆ. ನೀರು ಹುಳಿಯಾದರೆ ಕರಗುತ್ತದೆ, 8 ದಾಟಿದರೆ ಹೆಚ್ಚುಕಮ್ಮಿ ಸುಮ್ನೆ ಕೂರುತ್ತದೆ.

ತಾವರೆಬೇರು: ಮೀನು ಸಾಕುವವರಿಗೆ ಮೀನೇ ಲೋಕ. ನನ್ನ ನೈದಿಲೆ ಎರಡು ವರ್ಷ ಹೂ ಬಿಡಲಿಲ್ಲ. ಎಲೆ ಹಳದಿ, ನರ ಮಾತ್ರ ಹಸಿರು. ಪಿಎಚ್ ಜಾಸ್ತಿಯಾದರೆ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ. ಎಲೆ ಮೇಲೆ ಬಿಳಿ ಪುಡಿ ಬೇರೆ, ಹೆಬ್ಬೆರಳಲ್ಲಿ ಉಜ್ಜಿದರೆ ಹಿಟ್ಟಿನಂತೆ ಬರುತ್ತಿತ್ತು. ಕಲ್ಲು ತೆಗೆಸಿದೆ. ಮರುವರ್ಷ ಒಂಬತ್ತು ಹೂ. ನನಗೆ ಪಶ್ಚಾತ್ತಾಪ ಇಲ್ಲ.

ಕೆಸರುಕಾಲು: ನೀವು ಆವಿಯಾದಷ್ಟೂ ಗಡಸು ಬಾವಿನೀರೇ ಸುರಿಯುತ್ತೀರಿ ಅಂತ ಹಿಂದೆ ನೀವೇ ಬರೆದಿದ್ದಿರಿ. ನೀರು ಹಾರಿಹೋಗುತ್ತದೆ, ಸುಣ್ಣ ಉಳಿಯುತ್ತದೆ. ಬೈಗುಳ ಕಲ್ಲಿಗೆ!

ತಾವರೆಬೇರು: ಅದೇ ಬಾವಿನೀರನ್ನು ಈಗಲೂ ಹಾಕುತ್ತಿದ್ದೇನೆ, ಹೂ ಬರುತ್ತಿದೆ. ಮಳೆನೀರನ್ನು ಟೆಸ್ಟ್ ಮಾಡದೆ ಮೀನು ಬಿಟ್ಟವರು ನನಗೆ ಪಾಠ ಹೇಳಬೇಡಿ.

ಗಾರೆಕೈ: ಇಬ್ಬರೂ ಸ್ವಲ್ಪ ನಿಲ್ಲಿಸಿ. ನಮ್ಮಲ್ಲಿ ಪಿಎಚ್ 11 ಮುಟ್ಟಿತ್ತು. ಮನೆಯವರೆಲ್ಲ ಕಲ್ಲನ್ನೇ ದೂರಿದರು. ಕಲ್ಲಿಂದ ಅಷ್ಟು ಏರುವುದಿಲ್ಲ, ಗಾಳಿಗೆ ತೆರೆದ ನೀರನ್ನು ಅದು 8.3ರ ಆಸುಪಾಸಿಗೆ ತರುತ್ತದೆ. ತಪ್ಪು ಕಲ್ಲಿನ ಸಂದಿಗೆ ಮೆತ್ತಿದ ಹಸಿ ಸಿಮೆಂಟಿನದು. ನಾಲ್ಕು ಸಲ ತುಂಬಿಸಿ ಖಾಲಿ ಮಾಡಿದೆ, ಒಂದೊಂದು ಸಲಕ್ಕೂ ಒಂದು ವಾರ. ಆರನೇ ವಾರ 8.4ಕ್ಕೆ ಇಳಿಯಿತು. ಸಿಮೆಂಟಿಂದ ಬಿಡುವ ಸುಣ್ಣ ಬೇರೆ, ಸುಣ್ಣದಕಲ್ಲು ಬೇರೆ. ಅನುಮಾನ ಇದ್ದರೆ ಕಲ್ಲಿಗೆ ವಿನೆಗರ್ ಹನಿಸಿ, ನೊರೆ ಬರದಿದ್ದರೆ ಸುಣ್ಣದಕಲ್ಲೇ ಅಲ್ಲ.

ಕೆಸರುಕಾಲು: ಡಾಲಮೈಟ್, ಅಂದರೆ ಮೆಗ್ನೀಸಿಯಂ ಸೇರಿದ ಸುಣ್ಣದಕಲ್ಲಿನ ಜಾತಿ, ಆದರೆ? ಪುಡಿ ಮಾಡದೆ ಅದು ಸರಿಯಾಗಿ ನೊರೆ ಕೊಡುವುದಿಲ್ಲ. ಅರ್ಧ ಮಾತು ಹೇಳಿ ಜನರನ್ನು ದಾರಿ ತಪ್ಪಿಸಬೇಡಿ.

ಗಾರೆಕೈ: ಇಪ್ಪತ್ತು ವರ್ಷ ಕಲ್ಲು ಕೂರಿಸಿದವನಿಗೆ ಡಾಲಮೈಟ್ ಗೊತ್ತಿಲ್ಲವಾ?

ಹೊಸಕೊಳ: ನನ್ನದರಲ್ಲಿ ಸಿಮೆಂಟ್ ಇಲ್ಲ. ಕೆಎಚ್ ಈಗ ಅಳೆದೆ, 9 ಡಿಗ್ರಿ. ಹಾಗಾದರೆ ಗೋಲ್ಡ್‌ಫಿಶ್‌ಗೆ ತೊಂದರೆ ಇಲ್ಲ ಅಲ್ವಾ?

ತಾವರೆಬೇರು: ಮೊದಲು ಅಮೋನಿಯಾ ಸೊನ್ನೆಗೆ ಬರಲಿ. ಪಿಎಚ್ 7ರಿಂದ 8ಕ್ಕೆ ಹೋದರೆ ಅದರ ವಿಷದ ಪಾಲು ಹೆಚ್ಚುಕಮ್ಮಿ ಹತ್ತು ಪಟ್ಟು. ಇದನ್ನು ಮೀನಿನವರೇ ಮೊದಲು ಹೇಳಬೇಕಿತ್ತು.