ಹೊಸ ಕಕ್ಷಿದಾರರು ಎಲ್ಲಿಂದ ಬರ್ತಾರೆ ಅಂತ ಕೇಳಿದ್ಯಲ್ಲ ಪುಟ್ಟಿ

ಪುಟ್ಟಿ, ನಿನ್ನ ಮೆಸೇಜ್ ಓದಿದೆ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಬಾಯಲ್ಲಿ ಹೇಳ್ತಾ ಇದ್ದೀನಿ, ಫೋನ್ ಬರ್ಕೊಳ್ತಾ ಇದೆ. ಉದ್ದ ಆಗುತ್ತೆ, ಗ್ರೂಪಲ್ಲಿ ಉಳಿದವ್ರು ಬೇಜಾರು ಮಾಡ್ಕೋಬೇಡಿ. ಸೀನಿಯರ್ ವಕೀಲರ ಆಫೀಸ್ ಬಿಟ್ಟು ಸ್ವಂತಕ್ಕೆ ಕೂತಿದ್ದೀಯ, ಫೈಲು ಬರ್ತಿಲ್ಲ, ಸೈಟ್ ಬ್ರೋಕರ್ ಒಬ್ಬ ಫೀಸಲ್ಲಿ ನೂರಕ್ಕೆ ಇಪ್ಪತ್ತು ಕೊಟ್ರೆ ಕೇಸ್ ಕಳಿಸ್ತೀನಿ ಅಂತಾನೆ, ಒಪ್ಪಲಾ ಅಂತ ಕೇಳಿದ್ದೀಯ. ಮಾವ ಪೇಪರಲ್ಲಿ ಒಂದು ಜಾಹೀರಾತು ಹಾಕ್ಸು ಅಂದ್ರು.

ಮಾವ, ನೀವು ಒಳ್ಳೇದಕ್ಕೇ ಹೇಳಿದ್ರಿ, ಆದ್ರೆ ವಕೀಲರಿಗೆ ಅದು ಆಗಲ್ಲ. ವಕೀಲರ ನಡವಳಿಕೆಗೆ ನಿಯಮ ಮಾಡೋ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ 36 ಪ್ರಕಾರ ಜಾಹೀರಾತು, ಸುತ್ತೋಲೆ, ದಲ್ಲಾಳಿ, ಪರಿಚಯ ಇಲ್ಲದವರನ್ನ ಹುಡುಕ್ಕೊಂಡು ಹೋಗಿ ಮಾತಾಡೋದು, ತಾನು ನಡೆಸೋ ಕೇಸಿನ ಬಗ್ಗೆ ಪೇಪರಲ್ಲಿ ಫೋಟೋ ಹಾಕ್ಸೋದು, ಎಲ್ಲಾ ನಿಷಿದ್ಧ. ಬೋರ್ಡಿನ ಮೇಲೆ ಇಂಥ ಕೇಸಲ್ಲಿ ಪರಿಣತರು ಅಂತಲೂ ಬರೆಯೋ ಹಾಗಿಲ್ಲ. ದೂರು ಸಾಬೀತಾದ್ರೆ ಅಡ್ವೊಕೇಟ್ಸ್ ಕಾಯ್ದೆ 35ನೇ ಸೆಕ್ಷನ್ ಕೆಳಗೆ ಛೀಮಾರಿಯಿಂದ ಹಿಡಿದು ಸನ್ನದು, ಅಂದ್ರೆ ವಕೀಲಿಕೆ ಮಾಡೋ ಹಕ್ಕು, ಹೋಗೋವರೆಗೂ ಶಿಕ್ಷೆ ಇದೆ. 2024ರ ಜುಲೈಲಿ ಮದ್ರಾಸ್ ಹೈಕೋರ್ಟ್, ಆನ್‌ಲೈನ್ ಆಪ್‌ಗಳಲ್ಲಿ ವಕೀಲರ ಸೇವೆ ಮಾರೋದೂ ಇದೇ ನಿಯಮಕ್ಕೆ ವಿರುದ್ಧ ಅಂತ ಹೇಳಿತು. 2025ರ ಮಾರ್ಚಲ್ಲಿ ಬಾರ್ ಕೌನ್ಸಿಲ್ ರೀಲ್ಸು, ಪ್ರಚಾರದ ವಿಡಿಯೋ ಮಾಡೋರಿಗೂ ಎಚ್ಚರಿಕೆ ಕೊಟ್ಟಿದೆ.

ಬ್ರೋಕರ್ ವಿಷಯ ಇನ್ನೂ ಸ್ಪಷ್ಟ. ಅಡ್ವೊಕೇಟ್ ಅಲ್ಲದವರ ಜತೆ ಫೀಸ್ ಹಂಚಿಕೊಳ್ಳೋ ಹಾಗೇ ಇಲ್ಲ. ಬೇಡ ಅನ್ನು, ಕಾರಣ ವಿವರಿಸ್ತಾ ಕೂರಬೇಡ. ಕಮಿಷನ್ ಕೊಟ್ಟು ತಂದ ಕಕ್ಷಿದಾರ ನಿನ್ನ ಮಾತಿಗಿಂತ ಬ್ರೋಕರ್ ಮಾತೇ ಕೇಳ್ತಾನೆ, ನಾಳೆ ಇನ್ನೊಬ್ಬ ವಕೀಲರು ಮೂವತ್ತು ಅಂದ್ರೆ ಆ ಬ್ರೋಕರೇ ಫೈಲ್ ಎತ್ಕೊಂಡು ಹೋಗ್ತಾನೆ.

ಹಾಗಾದ್ರೆ ಕೇಸ್ ಎಲ್ಲಿಂದ? ನನ್ನ ಪ್ರಕಾರ ಮೊದಲು ಬೇರೆ ವಕೀಲರಿಂದ, ಆಮೇಲೆ ಹಳೇ ಕಕ್ಷಿದಾರರಿಂದ. ಉಳಿದಿದ್ದೆಲ್ಲ ಆಮೇಲಿನ ಮಾತು.

ಬೇರೆ ವಕೀಲರು ಮಾಡೋಕೆ ಬೇಸರ ಪಡೋ ಕೆಲಸ ಯಾವುದು ಅಂತ ನಿನ್ನೂರಿನ ವಕೀಲರ ಸಂಘ, ಅಂದ್ರೆ ಬಾರ್‌ನಲ್ಲಿ ನೋಡು. ಅಮಲ್ಜಾರಿ ಅರ್ಜಿ ಒಂದು: ಡಿಕ್ರಿ, ಅಂದ್ರೆ ಸಿವಿಲ್ ಕೋರ್ಟಿನ ತೀರ್ಪಿನ ಆದೇಶ, ತಗೊಂಡ ಮೇಲೆ ಅದನ್ನ ಜಾರಿ ಮಾಡ್ಸೋಕೆ ಎಷ್ಟೋ ಜನಕ್ಕೆ ತಾಳ್ಮೆ ಇರಲ್ಲ. ಪಹಣಿ ತಿದ್ದುಪಡಿ, ಮ್ಯುಟೇಶನ್ (ಖಾತೆ ಬದಲಾವಣೆ) ತಕರಾರು ಇನ್ನೊಂದು. ಭೂ ಕಂದಾಯ ಕಾಯ್ದೆ 136(2) ಕೆಳಗೆ ಎ.ಸಿ. (ಉಪವಿಭಾಗಾಧಿಕಾರಿ) ಹತ್ರ ಮೇಲ್ಮನವಿ, 136(3) ಕೆಳಗೆ ಡಿ.ಸಿ. (ಜಿಲ್ಲಾಧಿಕಾರಿ) ಹತ್ರ ರಿವಿಷನ್, ಅಂದ್ರೆ ಮರುಪರಿಶೀಲನೆ. ಸಿವಿಲ್ ಕೋರ್ಟಲ್ಲೇ ದಿನ ಕಳೆಯೋ ಸೀನಿಯರ್‌ಗಳಿಗೆ ಆ ಆಫೀಸುಗಳಲ್ಲಿ ಕಾಯೋಕೆ ಪುರುಸೊತ್ತಿಲ್ಲ. ಗ್ರಾಹಕರ ಆಯೋಗ, ಬಿಲ್ಡರ್‌ಗಳ ಮೇಲಿನ ದೂರು ಕೇಳೋ ರೇರಾ ಕೂಡ ಹಾಗೇ. ಇವುಗಳಲ್ಲಿ ಎರಡನ್ನ ಆರಿಸ್ಕೊಂಡು ನಮೂನೆ, ತೀರ್ಪುಗಳು, ಬೇಕಾಗೋ ದಾಖಲೆಗಳ ಪಟ್ಟಿ ಎಲ್ಲಾ ಸಿದ್ಧ ಇಟ್ಕೊ. ಎಲ್ಲಾನೂ ಮಾಡ್ತೀನಿ ಅನ್ನೋರ ಹೆಸರು ಯಾವ ಕೇಸ್ ಬಂದಾಗ್ಲೂ ನೆನಪಾಗಲ್ಲ.

ಹೈಕೋರ್ಟಲ್ಲಿ ಕೂತಿರೋ ವಕೀಲರಿಗೆ ತಾಲೂಕು ಕೋರ್ಟಲ್ಲಿ ನಂಬಿಕಸ್ತರು ಬೇಕಿರ್ತಾರೆ. ದೃಢೀಕೃತ ನಕಲು ತೆಗೆಸೋದು, ಒಂದು ದಿನದ ಹಾಜರಾತಿ, ಜಾಗ ನೋಡೋಕೆ ಕೋರ್ಟ್ ನೇಮಿಸಿದ ಕಮಿಷನರ್ ಬಂದಾಗ ಅಲ್ಲಿ ನಿಲ್ಲೋದು, ಇಂಥವು. ಕೆಲಸ ಚಿಕ್ಕದು ಅನ್ನಬೇಡ. ಅವತ್ತೇ ಸಂಜೆ ಆರ್ಡರ್ ಶೀಟಲ್ಲಿ ಏನಾಯ್ತು ಅಂತ ಬರೆದು ಕಳಿಸು. ಆದ್ರೆ ಎರಡು ಎಚ್ಚರ. ಈಗಾಗ್ಲೇ ಒಬ್ಬರು ವಕಾಲತ್ತು ಹಾಕಿರೋ ಕೇಸಾದ್ರೆ ನಿಯಮ 39 ಪ್ರಕಾರ ಅವರ ಒಪ್ಪಿಗೆ ಬೇಕು, ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಬರವಣಿಗೇಲೇ ತಗೋ. ಇನ್ನೊಂದು, ಕಳಿಸಿದೋರ ಕಕ್ಷಿದಾರ ಬೇರೆ ಕೆಲಸ ಹಿಡ್ಕೊಂಡು ನೇರ ನಿನ್ನ ಹತ್ರ ಬಂದ್ರೆ ಮೊದಲು ಕಳಿಸಿದೋರಿಗೆ ಫೋನ್ ಮಾಡು. ಇದೊಂದು ತಪ್ಪಿದ್ರೆ ಸುದ್ದಿ ಬಾರ್ ರೂಮಲ್ಲಿ ಮಧ್ಯಾಹ್ನದೊಳಗೆ ಹರಡುತ್ತೆ.

ವಕೀಲರ ಹತ್ರ ಬರೋಕೆ ಮುಂಚೆ ಜನ ಹೋಗೋ ಜಾಗ ಇರ್ತವೆ: ಲೆಕ್ಕಪತ್ರದೋರು, ಪತ್ರ ಬರಹಗಾರರು, ಬ್ಯಾಂಕು. ಪರಿಚಯ ಇಟ್ಕೊ, ಅವರಿಗೆ ಕಾನೂನಿನ ಸಂಶಯ ಬಂದಾಗ ಉತ್ತರ ಹೇಳು, ದುಡ್ಡಿನ ಮಾತು ಬೇಡ. ಆಸ್ತಿ ಲೀಗಲ್ ಒಪಿನಿಯನ್, ಅಂದ್ರೆ ದಾಖಲೆ ನೋಡಿ ಆಸ್ತಿ ಹಕ್ಕಿನ ಬಗ್ಗೆ ಕೊಡೋ ಅಭಿಪ್ರಾಯ, ಚೆನ್ನಾಗಿ ಬರೆಯೋರಿಗೆ ಆ ಕಡೆಯಿಂದ ಕೆಲಸ ಬರ್ತಾನೇ ಇರುತ್ತೆ. ಬರೀ ಇ.ಸಿ. (ಋಣಭಾರ ಪತ್ರ) ನೋಡಿ ಟೈಟಲ್, ಅಂದ್ರೆ ಮಾಲೀಕತ್ವ, ಚೆನ್ನಾಗಿದೆ ಅಂತ ಬರೆಯೋದು ಅಪಾಯ. ಮೂಲ ಮಂಜೂರಾತಿ ಜಮೀನಾ, ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಮಾರಾಟ ತಡೆಯೋ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತಾ, ಪೋಡಿ (ಅಳತೆ ಮಾಡಿ ಬೇರೆ ನಕ್ಷೆ) ಆಗಿದೆಯಾ, ಹೆಣ್ಣುಮಕ್ಕಳು ವಿಭಾಗ ಪತ್ರಕ್ಕೆ ಸಹಿ ಹಾಕಿದಾರಾ, ಇವನ್ನ ನೋಡಿ ಬರೆ. ಸಿಗದ ದಾಖಲೆ ಯಾವುದು ಅಂತ ಒಪಿನಿಯನ್ನಲ್ಲೇ ಹೆಸರಿಸು.

ಈಗ ಫೋನ್. ಹೊಸಬರು ಕೈತಪ್ಪೋದು ಹೆಚ್ಚಾಗಿ ಇಲ್ಲೇ. ಕೋರ್ಟ್ ಹಾಲಲ್ಲಿ ಫೋನ್ ಎತ್ತೋಕಾಗಲ್ಲ, ಸರಿ. ಆದ್ರೆ ಸಂಜೆಯೊಳಗೆ ವಾಪಸ್ ಮಾಡ್ದೇ ಇದ್ರೆ ಅವರು ಇನ್ನೊಬ್ಬರ ಹತ್ರ ಹೋಗಿ ಆಗಿರುತ್ತೆ. ಮಾತಾಡುವಾಗ ಕಥೆ ಕೇಳೋಕೆ ಮುಂಚೆ ಎದುರು ಪಾರ್ಟಿ ಹೆಸರು ಕೇಳು. ಅವರಿಗೆ ನೀನು ಅದೇ ವಿಷಯದಲ್ಲಿ ಸಲಹೆ ಕೊಟ್ಟಿದ್ರೆ ಇವರ ಕೇಸ್ ತಗೊಳ್ಳೋ ಹಾಗಿಲ್ಲ, ಚಿಕ್ಕ ಊರಲ್ಲಿ ಇದು ಆಗಾಗ ಆಗುತ್ತೆ. ಎರಡನೇ ಪ್ರಶ್ನೆ ದಿನಾಂಕ. ಚೆಕ್ ಬೌನ್ಸ್ ಅಂದ್ರು ಅನ್ಕೋ. ಚೆಕ್ ವಾಪಸ್ ಬಂದ ವಿಷಯ ಬ್ಯಾಂಕಿಂದ ತಿಳಿದಿದ್ದು ಮಾರ್ಚ್ 3ಕ್ಕೆ ಅಂದ್ರೆ 30 ದಿನ, ಏಪ್ರಿಲ್ 2ರೊಳಗೆ ನೋಟಿಸ್ ಹೋಗಬೇಕು. ಅದು ಎದುರು ಪಾರ್ಟಿಗೆ ಏಪ್ರಿಲ್ 10ಕ್ಕೆ ತಲುಪಿದ್ರೆ ದುಡ್ಡು ಕಟ್ಟೋಕೆ ಅವರಿಗೆ 15 ದಿನ, 25ರವರೆಗೆ. ಆಮೇಲೆ ದೂರು ಹಾಕೋಕೆ ಒಂದು ತಿಂಗಳು. ಡೈರೀಲಿ ಮೇ 25 ದಾಟಬಾರದು ಅಂತ ಬರ್ಕೊ, ಕೊನೇ ದಿನಕ್ಕೆ ಇಟ್ಕೋಬೇಡ. ಫೋನಲ್ಲೇ ಈ ಲೆಕ್ಕ ಹೇಳಿ, ಚೆಕ್ ವಾಪಸ್ ಆದಾಗ ಬ್ಯಾಂಕ್ ಕೊಟ್ಟ ಮೆಮೋ, ಚೆಕ್ಕು, ಸಾಲದ ದಾಖಲೆ ತನ್ನಿ ಅಂತ ನಿಗದಿ ಸಮಯ ಕೊಟ್ರೆ ಆ ಮನುಷ್ಯ ಬಂದೇ ಬರ್ತಾನೆ. ಬರೀ "ಆಫೀಸಿಗೆ ಬನ್ನಿ, ನೋಡೋಣ" ಅಂದ್ರೆ ಬರೋದು ಅನುಮಾನ. ಅವಧಿ ಮೀರಿದ್ರೆ ಮೀರಿದೆ ಅಂತ ಮೊದಲೇ ಹೇಳು.

ಫೀಸು ಹಂತ ಹಂತವಾಗಿ ಬರೆದು ಕೊಡು: ನೋಟಿಸಿಗೆ ಎಷ್ಟು, ದಾವೆ ಹಾಕೋಕೆ ಎಷ್ಟು, ಸಾಕ್ಷಿ ಹಂತಕ್ಕೆ ಎಷ್ಟು, ಕೋರ್ಟ್ ಫೀ, ಪ್ರೋಸೆಸ್ ಫೀ, ಟೈಪಿಂಗ್ ಬೇರೆ. ಅಪಘಾತ ಪರಿಹಾರದ ಕೇಸಲ್ಲಿ ಬಂದಿದ್ರಲ್ಲಿ ಪರ್ಸೆಂಟೇಜ್ ತಗೊಳ್ಳಿ ಅಂತ ಅವರೇ ಹೇಳ್ತಾರೆ; ನಿಯಮ 20 ಒಪ್ಪಲ್ಲ.

ಹಳೇ ಕಕ್ಷಿದಾರ ಇನ್ನೊಬ್ಬರನ್ನ ಕರ್ಕೊಂಡು ಬರೋದು ಗೆದ್ದಿದ್ದಕ್ಕೇ ಅಂತ ಎಲ್ರೂ ಅಂದ್ಕೊಂಡಿದಾರೆ. ವಕೀಲರ ಮೇಲೆ ಜನ ಹೇಳೋ ದೂರು ಕೇಳಿ ನೋಡು, ಸೋತ್ರು ಅನ್ನೋದಕ್ಕಿಂತ ಏನೂ ಹೇಳಲ್ಲ ಅನ್ನೋದೇ ಜಾಸ್ತಿ. ಪ್ರತಿ ವಾಯಿದೆ ಮುಗಿದ ಸಂಜೆ ನಾಲ್ಕು ಸಾಲು: "ಇವತ್ತು ಎದುರು ಪಾರ್ಟಿ ತಕರಾರು ಸಲ್ಲಿಸಿದ್ರು. ಮುಂದಿನ ದಿನ ಜೂನ್ 12. ನೀವು ಬರೋದು ಬೇಡ. ಅಷ್ಟರೊಳಗೆ ಮೂಲ ಕ್ರಯಪತ್ರ ತಂದುಕೊಡಿ." ಜತೆಗೆ ಕೇಸಿನ 16 ಅಂಕಿ-ಅಕ್ಷರದ ಸಿಎನ್ಆರ್ ಸಂಖ್ಯೆ ಕೊಡು, ಇ-ಕೋರ್ಟ್ಸ್ ಆಪಲ್ಲಿ ಅವರೇ ನೋಡ್ಕೊಳ್ಳಲಿ. ವಾಯಿದೆ ಬರೀ ಮುಂದಕ್ಕೆ ಹೋದ ದಿನವೂ ಕಳಿಸ್ಬೇಕು, ಆವತ್ತೇ ಜಾಸ್ತಿ ಸಂಶಯ ಬರೋದು.

ವೆಬ್‌ಸೈಟ್ ಇಟ್ಕೋಬಹುದು, 2008ರಿಂದ ಅನುಮತಿ ಇದೆ: ಹೆಸರು, ವಿಳಾಸ-ಫೋನ್-ಇಮೇಲ್, ನೋಂದಣಿ ಮತ್ತು ಬಾರ್ ವಿವರ, ವಿದ್ಯಾರ್ಹತೆ, ಯಾವ ಕ್ಷೇತ್ರದ ಕೆಲಸ. ಇಷ್ಟು ನಿಜ ಅಂತ ಒಂದು ಘೋಷಣೆ. ಗೆದ್ದ ಕೇಸು, ಕಕ್ಷಿದಾರರ ಹೊಗಳಿಕೆ ಬೇಡ. ಅದಕ್ಕೆ ಜಾಸ್ತಿ ದುಡ್ಡು ಸುರಿಬೇಡ, ಹೆಸರು ಕೇಳಿದೋರು ನಂಬರ್ ಹುಡುಕೋಕೆ ಸಾಕು.

ಕಾನೂನು ಅರಿವು ಕಾರ್ಯಕ್ರಮ ಕರೆದ್ರೆ ಹೋಗು. ಹಿರಿಯ ನಾಗರಿಕರ ಸಂಘದಲ್ಲಿ, ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ ಸೆಕ್ಷನ್ 23 ಬಗ್ಗೆ ಮಾತಾಡು: ಮಕ್ಕಳಿಗೆ ದಾನಪತ್ರ ಬರೆಯುವಾಗ, ನೋಡ್ಕೊಳ್ಳಬೇಕು ಅನ್ನೋ ಷರತ್ತು ಪತ್ರದಲ್ಲೇ ಇರಲಿ, ಇಲ್ಲದಿದ್ರೆ ಆಮೇಲೆ ರದ್ದು ಮಾಡ್ಸೋದು ಕಷ್ಟ. ಕೇಳಿದೋರು ಮನೆಗೆ ಹೋಗಿ ಪತ್ರ ತೆಗೆದು ನೋಡ್ತಾರೆ. ಅಲ್ಲಿ ಕಾರ್ಡ್ ಹಂಚೋದು, ನಂಬರ್ ಬರ್ಕೊಳ್ಳೋದು ಮಾತ್ರ ಮಾಡ್ಬೇಡ.

ಉಚಿತ ಕಾನೂನು ನೆರವು ಕೊಡೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರ ಪ್ಯಾನೆಲ್‌ಗೆ ಸಾಮಾನ್ಯವಾಗಿ 3 ವರ್ಷದ ಅನುಭವ ಕೇಳ್ತಾರೆ, ನಿಂಗೆ ಅದು ಇದೆ, ಅರ್ಜಿ ಹಾಕು. ಸಂಭಾವನೆ ಕಡಿಮೆ, ತಡವಾಗಿ ಬರುತ್ತೆ, ಆದ್ರೆ ಟ್ರಯಲ್ ಕೈಗೆ ಸಿಗುತ್ತೆ. ಆ ಕಕ್ಷಿದಾರರಿಂದ ಒಂದು ರೂಪಾಯಿನೂ ತಗೋಬೇಡ. ಅದೇ ಪ್ರಾಧಿಕಾರದ ಡಿಫೆನ್ಸ್ ಕೌನ್ಸೆಲ್ (ಆರೋಪಿಗಳ ಪರ ವಾದಿಸೋ) ಹುದ್ದೆ ಬೇರೆ, ಅದು ಪೂರ್ತಿ ಸಮಯದ್ದು, ಸ್ವಂತ ಪ್ರಾಕ್ಟೀಸ್ ಮಾಡೋ ಹಾಗಿಲ್ಲ, ಗೊಂದಲ ಮಾಡ್ಕೋಬೇಡ.

ಒಂದು ನೋಟ್‌ಬುಕ್ ಇಡು. ಹೊಸಬರು ಯಾರೇ ಬರಲಿ, "ನನ್ನ ಹೆಸರು ಯಾರು ಹೇಳಿದ್ರು" ಅಂತ ಕೇಳಿ ಬರ್ಕೊ. ಕಳಿಸಿದೋರಿಗೆ ಅವತ್ತೇ ಥ್ಯಾಂಕ್ಸ್ ಹೇಳು, ಕೇಸಿನ ವಿವರ ಹೇಳ್ಬೇಡ. ನಿನ್ನ ಮೆಸೇಜಲ್ಲಿ ಒಂದು ಫೈಲಿನ ಪಾರ್ಟಿ ಹೆಸರಿತ್ತು, ಅದನ್ನ ಈಗಲೇ ಡಿಲೀಟ್ ಮಾಡು, ಇಲ್ಲಿ ನೂರು ಜನ ಇದ್ದೀವಿ. ಆ ಕೇಸಿಂದು ಏನಾದ್ರೂ ಕೇಳೋದಿದ್ರೆ ನಂಗೆ ಬೇರೆ ಫೋನ್ ಮಾಡು, ಆದ್ರೂ ಹೆಸರು ಹೇಳ್ಬೇಡ.