ಪದಚರ್ಚೆ: ಕೈಚೆಲ್ಲಿದ್ದು ಯಾರು, ಕೈಕೊಟ್ಟಿದ್ದು ಯಾರು?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕು. ಆದರೆ ಅದಕ್ಕೆ ಮೊದಲು ಒಂದು ಆಟದ ಕತೆ ಹೇಳಲೇಬೇಕು, ಸ್ವಲ್ಪ ತಡೆದುಕೊಳ್ಳಿ. ಆಟ ಅಮೆರಿಕನ್ ಫುಟ್‌ಬಾಲ್. ನಾನಿರುವುದು ಅಟ್ಲಾಂಟಾ ಪಕ್ಕ, ಹಾಗಾಗಿ ನನ್ನ ತಂಡ ಅಟ್ಲಾಂಟಾ ಫಾಲ್ಕನ್ಸ್. ಇಷ್ಟು ಓದುತ್ತಲೇ ಈ ಆಟ ಗೊತ್ತಿರುವವರು ನಗುತ್ತಿರುತ್ತೀರಿ. ನಗಿ, ನಮಗೆ ಅಭ್ಯಾಸವಾಗಿದೆ.

2017ರ ಫೆಬ್ರವರಿ 5, ಭಾನುವಾರ, ಹ್ಯೂಸ್ಟನ್‌ನಲ್ಲಿ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್. ಎದುರಿಗೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಮೂರನೇ ಕ್ವಾರ್ಟರ್‌ನಲ್ಲಿ ನಾವು 28–3 ಮುಂದಿದ್ದೆವು. ಅಲ್ಲಿಯವರೆಗೆ ಸೂಪರ್ ಬೌಲ್‌ನಲ್ಲಿ 10 ಪಾಯಿಂಟ್‌ಗಿಂತ ಜಾಸ್ತಿ ಹಿಂದೆ ಬಿದ್ದು ಗೆದ್ದ ತಂಡವೇ ಇರಲಿಲ್ಲ, ನಮ್ಮದು 25 ಪಾಯಿಂಟ್ ಮುನ್ನಡೆ. ಮನೆಯಲ್ಲಿ ನಾಲ್ಕು ಸಂಸಾರ ಸೇರಿತ್ತು, ಯಾರೋ ಖುಷಿಯಲ್ಲಿ ಕೇಸರಿಬಾತ್ ಬಿಸಿಗೆ ಇಟ್ಟರು. ಆಮೇಲೆ ಅವರು ಸಾಲಾಗಿ 31 ಪಾಯಿಂಟ್ ಹೊಡೆದರು, ನಾವು ಒಂದೂ ಹೊಡೆಯಲಿಲ್ಲ. ಓವರ್‌ಟೈಮ್‌ನಲ್ಲಿ 34–28ಕ್ಕೆ ಸೋತೆವು. ಕೇಸರಿಬಾತ್ ತಳ ಹಿಡಿದಿದ್ದು ಯಾರಿಗೂ ಗೊತ್ತೇ ಆಗಲಿಲ್ಲ.

ಇಲ್ಲಿ ರಾತ್ರಿ ಹತ್ತೂವರೆ ಆದರೆ ತಿಪಟೂರಿನಲ್ಲಿ ಸೋಮವಾರ ಬೆಳಗ್ಗೆ ಒಂಬತ್ತು. ಅಮ್ಮ ಫೋನ್ ಮಾಡಿದಳು.

"ಯಾಕೋ, ದನಿ ಹಿಂಗಿದೆ? ಜ್ವರಾನಾ?"

"ಜ್ವರ ಏನಿಲ್ಲ ಕಣಮ್ಮ. ನಮ್ಮೋರು ಕೈಚೆಲ್ಲಿಬಿಟ್ರು."

"ಅಯ್ಯೋ, ಆಡೋದು ಬಿಟ್ಟು ಎದ್ದೇ ಹೋದ್ರಾ?"

ಇಲ್ಲಿಂದ ಶುರುವಾಯಿತು ನನ್ನ ತಲೆನೋವು. ನಾನು ಹೇಳಿದ್ದು 'ಗೆಲುವು ಕಳೆದುಕೊಂಡರು' ಅಂತ. ಅಮ್ಮನಿಗೆ ಕೇಳಿಸಿದ್ದು 'ಕೈಚೆಲ್ಲಿ ಕೂತರು' ಅಂತ, ಅಂದರೆ ಇನ್ನು ನಮ್ಮ ಕೈಲಾಗಲ್ಲ ಅಂತ ಸುಮ್ಮನಾದರು. ಒಂದೇ ಪದ, ಎರಡೂ ಸರಿ. ಆದರೆ ಆ ರಾತ್ರಿ ನಡೆದದ್ದಕ್ಕೆ ಎರಡನೆಯ ಅರ್ಥ ಪೂರ್ತಿ ಉಲ್ಟಾ. ನಮ್ಮವರು ಸುಮ್ಮನೆ ಕೂತಿದ್ದರೆ ಗೆಲ್ಲುತ್ತಿದ್ದರು! ಸುಮ್ಮನೆ ಕೂರದೇ ಇದ್ದದ್ದಕ್ಕೇ ಸೋತಿದ್ದು.

ಮೊನ್ನೆ ಮಗ ಯೂಟ್ಯೂಬ್‌ನಲ್ಲಿ ಅದೇ ಆಟ ಹಾಕಿಕೊಂಡು ಕೂತಿದ್ದ. ಅವನ ಜೊತೆ ಕನ್ನಡದಲ್ಲಿ ಕೋಚ್‌ಗೆ ಬಯ್ಯೋಣ ಅಂತ ಹೊರಟರೆ ಮತ್ತೆ ಅದೇ ಪೇಚು. ಯಾರ ತಪ್ಪಿಗೆ ಯಾವ ಪದ? ನಮ್ಮಲ್ಲಿ ಸೋಲಿಗೆ ಇರುವ ಅರ್ಧ ಪದಗಳು ಕೈಯಿಂದ ಶುರುವಾಗುತ್ತವೆ. ಕೈಚೆಲ್ಲು, ಕೈಕೊಡು, ಕೈತಪ್ಪು, ಕೈಜಾರು, ಕೈಮೀರು, ಕೈಬಿಡು. ಕ್ರಿಕೆಟ್ಟಿಗಾದರೆ ಯಾವುದನ್ನು ಹಾಕಿದರೂ ನಡೆಯುತ್ತದೆ. ಈ ಆಟದಲ್ಲಿ ಚೆಂಡು ನಿಜವಾಗಿ ಕೈಯಲ್ಲೇ ಇರುತ್ತದಲ್ಲ, ಅಲ್ಲೇ ತೊಡಕು.

ಆಟದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಸಿಗುತ್ತವೆ. ಪ್ರತಿ ಸಲ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವನು ದೂರ ಎಸೆಯಬಹುದು, ಇಲ್ಲವೇ ಪಕ್ಕದಲ್ಲಿ ಓಡಿಬರುವವನ ಕೈಗೆ ಕೊಡಬಹುದು. ಏನು ಮಾಡಬೇಕು ಅನ್ನುವುದನ್ನು ಕೋಚ್ ಅವನ ಹೆಲ್ಮೆಟ್ಟಿನೊಳಗಿನ ಸ್ಪೀಕರಿಗೆ ಹೇಳುತ್ತಾನೆ. ಪ್ಲೇ (ಒಂದೊಂದು ಅವಕಾಶದ ಆಟ) ಶುರುಮಾಡುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ಸ್ಪೀಕರ್ ಬಂದ್ ಆಗುತ್ತದೆ, ಆಮೇಲಿನದು ಹುಡುಗನ ಹಣೆಬರಹ.

(ಇನ್ನೊಂದು, ವಿಷಯಾಂತರ. ಕ್ವಾರ್ಟರ್‌ಬ್ಯಾಕ್ ಅನ್ನುವುದನ್ನು ಕನ್ನಡಕ್ಕೆ ತರೋಣ ಅಂತ ಹೋಗಿ ಕೈ ಸುಟ್ಟುಕೊಂಡೆ. ಹಾಫ್‌ಬ್ಯಾಕ್, ಫುಲ್‌ಬ್ಯಾಕ್ ಇನ್ನೂ ಹಿಂದೆ ನಿಲ್ಲುತ್ತಿದ್ದರಂತೆ, ಇವನು ಕಾಲು ಭಾಗ ಹಿಂದೆ, ಅದಕ್ಕೆ ಆ ಹೆಸರು. ಹಾಗಾದರೆ ಕಾಲು ಭಾಗದ ಆಳು, ಕಾಲಾಳು! ನಮ್ಮಲ್ಲಿ ಕಾಲಾಳು ಅಂದರೆ ದಂಡಿನಲ್ಲಿ ಎಲ್ಲರಿಗಿಂತ ಕೆಳಗಿನವನು, ಇವನು ದಂಡನಾಯಕ. ಬೇಡ, ಕ್ವಾರ್ಟರ್‌ಬ್ಯಾಕ್ ಅಂತಲೇ ಇರಲಿ.)

ಈಗ ಆ ಘಳಿಗೆಗೆ ಬರೋಣ. ನಾಲ್ಕನೇ ಕ್ವಾರ್ಟರ್, ಸ್ಕೋರು 28–12, ಇನ್ನೂ ಎಂಟು ನಿಮಿಷದ ಮೇಲೆ ಉಳಿದಿತ್ತು. ನಮ್ಮದು ಮೂರನೇ ಅವಕಾಶ, ಬೇಕಿದ್ದದ್ದು ಒಂದೇ ಒಂದು ಗಜ. ಒಂದು ಗಜ ಅಂದರೆ ಎಡವಿ ಮುಂದಕ್ಕೆ ಬಿದ್ದರೂ ಸಿಗುವಷ್ಟು. ಓಡುವವನ ಕೈಗೆ ಕೊಟ್ಟಿದ್ದರೆ ಗಡಿಯಾರವೂ ಓಡುತ್ತಿತ್ತು. ಆದರೆ ಆಕ್ರಮಣದ ಕೋಚ್ ಕೈಲ್ ಶಾನಹನ್ ಎಸೆಯಲು ಹೇಳಿದ. ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯಾನ್ ಚೆಂಡು ಹಿಡಿದು ಹಿಂದೆ ಸರಿದ. ಎದುರಿನ ಹೈಟವರ್ ಅಂಚಿನಿಂದ ನುಗ್ಗಿದ. ಅವನನ್ನು ತಡೆಯಬೇಕಿದ್ದ ನಮ್ಮ ಫ್ರೀಮನ್‌ಗೆ ಅವನು ಕಾಣಲೇ ಇಲ್ಲ. ರಯಾನ್ ಎಸೆಯಲು ಕೈ ಎತ್ತಿದ್ದ, ಅಷ್ಟರಲ್ಲಿ ಡಿಕ್ಕಿ, ಚೆಂಡು ನೆಲಕ್ಕೆ. ಅದನ್ನು ಪೇಟ್ರಿಯಟ್ಸ್‌ನವರು ನಮ್ಮ 25 ಗಜದ ಗೆರೆಯ ಹತ್ತಿರ ಎತ್ತಿಕೊಂಡರು.

ಈ ನಾಲ್ಕು ಸೆಕೆಂಡಿಗೆ ಕನ್ನಡ ಹಾಕಿ ನೋಡಿ. ಕೈಗೆ ಕೊಡಬೇಕಿತ್ತು, ಕೋಚ್ ಬೇಡ ಅಂದ. ಫ್ರೀಮನ್ ಕೈಕೊಟ್ಟ. ಚೆಂಡು ರಯಾನ್ ಕೈಜಾರಿತು. ಕೊನೆಗೆ ಕಪ್ ನಮ್ಮ ಕೈತಪ್ಪಿತು. ಕೈಗೆ ಕೊಡು, ಕೈಕೊಡು: ನಡುವೆ ಒಂದು 'ಗೆ' ಹೋದರೆ ಆಟವೇ ಹೋಯಿತು!

ನನಗೆ ಅನ್ನಿಸುವುದು ಏನೆಂದರೆ, ಇವು ಒಂದಕ್ಕೊಂದು ಬದಲಿ ಪದಗಳಲ್ಲ. ಬೈಗುಳದ ಪಾಲನ್ನು ಹಂಚುವುದೇ ಇವು.

ಕೈತಪ್ಪು ಅಂದಾಗ ತಪ್ಪು ಯಾರದ್ದೂ ಅಲ್ಲ. 'ಅವಕಾಶ ಕೈತಪ್ಪಿತು.' ಅವಕಾಶ ತಾನಾಗಿಯೇ ಎದ್ದು ಹೋಯಿತು ಅನ್ನುವ ಹಾಗೆ. ಪಂದ್ಯ ಮುಗಿದ ಮೇಲೆ ಮೈಕಿನ ಮುಂದೆ ಬರುವ ಪ್ರತಿ ಕೋಚೂ ಬಯಸುವ ಪದ ಇದು. ಕೈಜಾರು ಕೂಡ ಹೆಚ್ಚುಕಡಿಮೆ ಹೀಗೇ, ಒಂಚೂರು ಎಚ್ಚರ ತಪ್ಪಿದ ವಾಸನೆ ಇದೆ ಅಷ್ಟೇ.

ಕೈಕೊಡು ಬೇರೆ. ಅದಕ್ಕೆ ಕೆಟ್ಟವನೂ ಬೇಕು, ಕೆಟ್ಟುಹೋದವನೂ ಬೇಕು. ಯಾರಿಗೆ ಕೈಕೊಟ್ಟ? ನನಗೆ, ನಮಗೆ, ಬಾಯಲ್ಲಿ ಹೇಳದಿದ್ದರೂ ಆ 'ಗೆ' ಇದ್ದೇ ಇರುತ್ತದೆ. ಗಾಡಿ ಕೈಕೊಟ್ಟಿತು, ಮಳೆ ಕೈಕೊಟ್ಟಿತು ಅಂದಾಗಲೂ ನಂಬಿ ಕೂತವನೊಬ್ಬ ಹಿಂದೆ ಇರುತ್ತಾನೆ. ಅಭಿಮಾನಿಯ ಪದ ಇದು. ನಂಬಿಕೆ ಇಲ್ಲದ ಕಡೆ ಯಾರೂ ಕೈಕೊಡುವುದಿಲ್ಲ, ಅಲ್ವಾ? ಪೇಟ್ರಿಯಟ್ಸ್ ನಮಗೆ ಕೈಕೊಟ್ಟರು ಅಂತ ಹೇಳಲು ಬರುವುದೇ ಇಲ್ಲ.

ಇನ್ನು ಕೈಚೆಲ್ಲು. ನನ್ನ ಊಹೆ ಹೀಗಿದೆ, ತಪ್ಪಿದ್ದರೆ ತಿದ್ದಿ. ಏನನ್ನು ಕೈಚೆಲ್ಲಿದರು ಅಂತ ಹೇಳಿದರೆ 'ಕಳೆದುಕೊಂಡರು' ಅಂತ ಅರ್ಥ. ಕ್ಯಾಚ್ ಕೈಚೆಲ್ಲಿದ, ಗೆಲುವು ಕೈಚೆಲ್ಲಿದರು. ಏನನ್ನು ಅಂತ ಹೇಳದೆ ಬರೀ ಕೈಚೆಲ್ಲಿದರು ಅಂದರೆ 'ಆಸೆ ಬಿಟ್ಟರು' ಅಂತ. ಡಾಕ್ಟರು ಕೈಚೆಲ್ಲಿದರು ಅಂದರೆ ಯಾವ ಡಾಕ್ಟರೂ ಏನನ್ನೂ ಕೆಳಗೆ ಬೀಳಿಸಿಲ್ಲ. 2016ರ ಐಪಿಎಲ್ ಫೈನಲ್ ನೆನಪಿದೆಯಲ್ಲ, ಚಿನ್ನಸ್ವಾಮಿಯಲ್ಲಿ ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೆ 10.3 ಓವರಿನಲ್ಲಿ 114 ಹೊಡೆದೂ ಆರ್‌ಸಿಬಿ 8 ರನ್ನಿಗೆ ಸೋತದ್ದು. 'ಗೆದ್ದ ಪಂದ್ಯ ಕೈಚೆಲ್ಲಿದರು' ಅಂತ ಆಗ ಅಮ್ಮನ ಮುಂದೆ ಹೇಳಿದ್ದೆ, ಅವಳಿಗೆ ಸರಿಯಾಗೇ ಅರ್ಥವಾಗಿತ್ತು. ಫಾಲ್ಕನ್ಸ್ ವಿಷಯದಲ್ಲಿ ದುಃಖಕ್ಕೆ 'ಪಂದ್ಯ' ಅನ್ನುವುದನ್ನು ನುಂಗಿಕೊಂಡೆ. ಅಲ್ಲಿಗೆ ಅರ್ಥ ಕೆಟ್ಟಿತು.

ಆದರೂ ನನ್ನ ಮುಖ್ಯ ಸಮಸ್ಯೆ ಬಗೆಹರಿಯಲಿಲ್ಲ. ರಯಾನ್‌ಗೆ ಬಯ್ಯಲು ಪದ ಇವೆ. ಅವನಿಗೆ ಬಯ್ಯುವುದೂ ಕಷ್ಟವೇ ಅನ್ನಿ. ಆ ದಿನ ಎಸೆದದ್ದು 23, ಸರಿಯಾಗಿ ಸೇರಿದ್ದು 17, 284 ಗಜ, ಎರಡು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು), ಎದುರಿನವರಿಗೆ ಒಂದೂ ಎಸೆತ ಸಿಗಲಿಲ್ಲ. ಹಿಂದಿನ ರಾತ್ರಿಯಷ್ಟೇ ಆ ವರ್ಷದ ಎಂವಿಪಿ, ಅಂದರೆ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಬಂದಿತ್ತು. ಲೆಕ್ಕದ ಪುಸ್ತಕದಲ್ಲಿ ಮನುಷ್ಯ ಶುದ್ಧ. ಆದರೆ ಚೆಂಡನ್ನು ಒಮ್ಮೆಯೂ ಮುಟ್ಟದ ಕೋಚ್‌ಗೆ ಏನಂತ ಬಯ್ಯುವುದು? ಕೈಚೆಲ್ಲಿದ ಅಂದರೆ ಸುಳ್ಳು. ಕೈಜಾರಿತು ಅಂದರೆ ಪಾಪ ಅನ್ನಿಸುತ್ತದೆ.

ಯಾಕೆ ಬಯ್ಯಬೇಕು ಅಂತ ಕೇಳಿದರೆ ಇದನ್ನು ನೋಡಿ. ಅಷ್ಟೆಲ್ಲ ಆದಮೇಲೂ, ಸ್ಕೋರು 28–20 ಇದ್ದಾಗ, ನಮ್ಮ ಹೂಲಿಯೊ ಜೋನ್ಸ್ ಗೆರೆಯ ಅಂಚಿನಲ್ಲಿ ಗಾಳಿಯಲ್ಲಿ ತೇಲಿ, ಎರಡು ಕಾಲಿನ ತುದಿಯನ್ನು ಒಳಗೇ ಊರಿ ಒಂದು ಕ್ಯಾಚ್ ಹಿಡಿದ. ನಾನು ಸೋಫಾದ ಮೇಲೆ ನಿಂತಿದ್ದೆ. ಚೆಂಡು ಅವರ 22 ಗಜದ ಗೆರೆಯಲ್ಲಿ, ಉಳಿದದ್ದು ನಾಲ್ಕೂ ಮುಕ್ಕಾಲು ನಿಮಿಷದೊಳಗೆ. ಮೂರು ಸಲ ಚೆಂಡು ಹಿಡಿದು ಗುಂಪಿನೊಳಕ್ಕೆ ಬಿದ್ದು, ಆಮೇಲೆ ಒದ್ದರೆ ಸುಮಾರು 40 ಗಜದ ಫೀಲ್ಡ್ ಗೋಲ್, ಮೂರು ಪಾಯಿಂಟ್. 31–20 ಆದರೆ ಅವರು ಎರಡು ಸಲ ಸ್ಕೋರ್ ಮಾಡಬೇಕು. ನಮ್ಮನೆ ಅಜ್ಜಿ ಕೋಚ್ ಆಗಿದ್ದರೂ ಇಷ್ಟು ಹೇಳುತ್ತಿದ್ದಳು. ಒಂದು ಸಲ ಓಡಿದರು, ಒಂದು ಗಜ ಹಿಂದೆ ಬಿದ್ದರು. ಅಷ್ಟಕ್ಕೇ ಮತ್ತೆ ಎಸೆಯಲು ಹೊರಟರು. ರಯಾನ್ ಸಿಕ್ಕಿಬಿದ್ದ, 12 ಗಜ ಹಿಂದಕ್ಕೆ. ಇನ್ನೊಮ್ಮೆ ಎಸೆದಾಗ ನಮ್ಮವನೇ ಒಬ್ಬ ಎದುರಾಳಿಯನ್ನು ಹಿಡಿದು ಎಳೆದು, ದಂಡವಾಗಿ ಮತ್ತೆ 10 ಗಜ ಹಿಂದೆ. ಒದೆಯುವಷ್ಟು ಹತ್ತಿರವೇ ಉಳಿಯಲಿಲ್ಲ. ಚೆಂಡು ಅವರಿಗೆ ಹೋಯಿತು, ಅವರ ಕ್ವಾರ್ಟರ್‌ಬ್ಯಾಕ್ ಬ್ರೇಡಿ 91 ಗಜ ತಂದು ಸಮ ಮಾಡಿದ.

ರಕ್ಷಣೆಯ ಹುಡುಗರಿಗಂತೂ ನಾನು ಬಯ್ಯುವುದಿಲ್ಲ. ಆ ದಿನ ಪೇಟ್ರಿಯಟ್ಸ್ ಆಡಿದ್ದು 93 ಪ್ಲೇ, ನಾವು 46. ನಮ್ಮ ಹುಡುಗರು ಕೊನೆಗೆ ನಿಂತಲ್ಲೇ ಏದುಸಿರು ಬಿಡುತ್ತಿದ್ದರು. ಮುಖ್ಯ ಕೋಚ್ ಡ್ಯಾನ್ ಕ್ವಿನ್ ಕಿವಿಯಲ್ಲೂ ಇಯರ್‌ಫೋನ್ ಇತ್ತಲ್ಲ, 'ಸಾಕು, ಓಡಿ' ಅನ್ನಲು ಎರಡು ಪದ ಸಾಕಿತ್ತು.

ಕೋಚ್‌ನ ಈ ತಪ್ಪಿಗೆ ಕನ್ನಡದಲ್ಲಿ ಸರಿಯಾದ ಪದ ಕೊನೆಗೆ ಗರಡಿಮನೆಯಲ್ಲಿ ಸಿಕ್ಕಿತು ಅನ್ನಿಸುತ್ತದೆ. ಪಟ್ಟು. ಕುಸ್ತಿಯಲ್ಲಿ ಒಂದೊಂದು ವರಸೆಯೂ ಒಂದು ಪಟ್ಟು, ಹಾಗಾಗಿ ಫುಟ್‌ಬಾಲಿನ ಪ್ಲೇಗೂ ಪಟ್ಟು ಅನ್ನಬಹುದು. ಉಸ್ತಾದ್ ಅಖಾಡದ ಹೊರಗೆ ನಿಂತು ಯಾವ ಪಟ್ಟು ಹಾಕಬೇಕು ಅಂತ ಕೂಗುತ್ತಾನೆ, ಪೈಲ್ವಾನ ಒಳಗೆ ಹಾಕುತ್ತಾನೆ. ಕೋಚ್ ಮತ್ತು ಕ್ವಾರ್ಟರ್‌ಬ್ಯಾಕ್ ಸಂಬಂಧ ಇದೇ ತಾನೇ. ಮಜಾ ಅಂದರೆ ಪಟ್ಟು ಹಾಕು ಅಂದರೆ ಜಾಣತನ, ಪಟ್ಟು ಹಿಡಿ ಅಂದರೆ ಹಟ. ಶಾನಹನ್ ಪಟ್ಟು ಹಾಕುವುದರಲ್ಲಿ ನಿಜವಾಗಿ ಜಾಣ, ಆ ವರ್ಷ ಇಡೀ ಲೀಗ್‌ನಲ್ಲಿ ಹೆಚ್ಚು ಪಾಯಿಂಟ್ ಹೊಡೆದದ್ದು ನಾವೇ. ಆ ಎಂಟು ನಿಮಿಷದಲ್ಲಿ ಮಾತ್ರ ಪಟ್ಟು ಹಿಡಿದ. ಮಾರನೇ ದಿನವೇ ಅವನು ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್‌ಗೆ ಮುಖ್ಯ ಕೋಚ್ ಆದ ಅನ್ನುವುದು ಗಾಯಕ್ಕೆ ಉಪ್ಪು. ಅಲ್ಲೂ 2020ರ ಸೂಪರ್ ಬೌಲ್‌ನಲ್ಲಿ 20–10 ಮುಂದಿದ್ದು 31–20ಕ್ಕೆ ಸೋತ, 2024ರಲ್ಲಿ ಓವರ್‌ಟೈಮ್‌ನಲ್ಲಿ 25–22ಕ್ಕೆ. ನನಗೆ ಖುಷಿಯಾಯಿತು ಅಂದರೆ ತಪ್ಪಾಗುತ್ತದೆ, ಬೇಜಾರಂತೂ ಆಗಲಿಲ್ಲ.

ಒಂದು ತೊಡಕು ಇನ್ನೂ ಇದೆ. ಆವತ್ತು ಮಾಡಬೇಕಿದ್ದ ಕೆಲಸಕ್ಕೆ ನಮ್ಮಲ್ಲಿ ಒಳ್ಳೆಯ ಪದ ಇಲ್ಲ. ಮುಂದಿರುವ ತಂಡ ಬೇಕೆಂದೇ ನಿಧಾನ ಮಾಡಿ ಗಡಿಯಾರ ಓಡಿಸುವುದು. ಕಾಲಹರಣ ಅಂದರೆ ಸೋಮಾರಿತನ. ಹೊತ್ತು ಕಳೆಯುವುದು ಅಂದರೆ ಕೆಲಸವಿಲ್ಲದವರ ಕತೆ. ಕಾಲ ತಳ್ಳುವುದು ಅಂದರೆ ಕಷ್ಟದ ಜೀವನ. ಟುಕುಟುಕು ಆಟ ಅಂದರೆ ಗವಾಸ್ಕರ್ 60 ಓವರಿನಲ್ಲಿ 36 ಹೊಡೆದ ಹಾಗೆ. ಜಾಣತನದ ನಿಧಾನಕ್ಕೆ ಒಂದು ಮರ್ಯಾದೆಯ ಪದ ಬೇಕು.

ಹಾಗಾಗಿ ನನ್ನ ಪ್ರಶ್ನೆಗಳು ಇಷ್ಟು. ನಿಮ್ಮ ಕಡೆ ಬರೀ 'ಕೈಚೆಲ್ಲಿದರು' ಅಂದರೆ ಮೊದಲು ಯಾವ ಅರ್ಥ ಹೊಳೆಯುತ್ತದೆ? ಧಾರವಾಡ, ಮಂಗಳೂರು, ಕೋಲಾರದ ಕಡೆಯವರು ಮುಖ್ಯವಾಗಿ ಹೇಳಿ. 'ಕೈ ಎತ್ತಿಬಿಟ್ಟ' ಅನ್ನುವುದನ್ನು ಎರಡನೇ ಅರ್ಥಕ್ಕೆ ಬಳಸುವವರು ನನಗೆ ಗೊತ್ತು, ಆದರೆ ಅದನ್ನು ಇಲ್ಲಿ ಹಾಕುವ ಹಾಗಿಲ್ಲ, ಈ ಆಟದಲ್ಲಿ ರೆಫರಿ ಎರಡೂ ಕೈ ಎತ್ತಿದರೆ ಟಚ್‌ಡೌನ್! ಮತ್ತೆ, ಗಡಿಯಾರ ಓಡಿಸುವುದಕ್ಕೆ ಗರಡಿಯಲ್ಲಾಗಲಿ ಕಬಡ್ಡಿಯಲ್ಲಾಗಲಿ ಏನಾದರೂ ಮಾತು ಇದೆಯಾ? ಕಬಡ್ಡಿಯಲ್ಲಿ ಮುಂದಿರುವ ತಂಡದವನು ಗೆರೆ ಮುಟ್ಟಿ ಸುಮ್ನೆ ವಾಪಸ್ ಬರುತ್ತಾನಲ್ಲ, ಅದಕ್ಕೆ ನಿಮ್ಮೂರಲ್ಲಿ ಏನನ್ನುತ್ತಾರೆ?

ಅಮ್ಮನಿಗೂ ಇದನ್ನೇ ಕೇಳಿದೆ. "ಅದಕ್ಕೇನೋ ಪದ, ಅನ್ನ ಬೆಂದ ಮೇಲೆ ಒಲೆ ಆರಿಸೋದು ಅಂತ" ಅಂದಳು. ಆ ಕೇಸರಿಬಾತ್ ವಿಷಯ ಅವಳಿಗೆ ನಾನು ಹೇಳಿಯೇ ಇರಲಿಲ್ಲ.